ಕೊಂಬಿನಲ್ಲಿ ಗೊಬ್ಬರ, ಭರಣಿಯಲ್ಲಿ ರಂಜಕ

ಗೊಬ್ಬರಕ್ಕೆಂದು ಸಗಣಿ ತುಂಬಿ ಮೊದಲ ವರ್ಷ ಹೂತಿಟ್ಟ ಹನ್ನೆರಡು ಆಕಳ ಕೊಂಬುಗಳನ್ನು ಶಿವರಾತ್ರಿ ಕಳೆದ ವಾರ ಅಗೆದು ತೆಗೆದೆವು. ಒಂಬತ್ತು ನಾರುತ್ತಿದ್ದವು. ಒಳಗಿನ ಸಗಣಿ ನಿನ್ನೆ ತುಂಬಿದ ಹಾಗೆ ಹಸಿರಾಗಿ, ಮೆತ್ತಗೆ ಇತ್ತು. ಬೆರಳಿಟ್ಟರೆ ಅಂಟುತ್ತಿತ್ತು. ಉಳಿದ ಮೂರರಲ್ಲಿ ಮಾತ್ರ ಕಾಫಿ ಪುಡಿ ಬಣ್ಣದ, ಉದುರುದುರಾದ ಗೊಬ್ಬರ. ಮೂಗಿನ ಹತ್ತಿರ ಹಿಡಿದರೆ ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ನೆಲದ ವಾಸನೆ. ಒಂದೇ ಗುಂಡಿ, ಒಂದೇ ಆಕಳ ಸಗಣಿ, ಒಂದೇ ದಿನ ತುಂಬಿದ್ದು. ಮೂರು ಯಾಕೆ ಹದಕ್ಕೆ ಬಂದವು, ಒಂಬತ್ತು ಯಾಕೆ ಬರಲಿಲ್ಲ? ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಅತ್ತೆ. ಅದೂ ಹೊಲದಲ್ಲಲ್ಲ, ಅಡುಗೆಮನೆಯಲ್ಲಿ.

ನಮ್ಮದು ಕುಂದಗೋಳ ತಾಲ್ಲೂಕಿನ ಸಣ್ಣ ಊರು. ಐದು ಎಕರೆ ಎರೆ ಹೊಲ, ಮೂರು ಆಕಳು, ಒಂದು ಜೋಡಿ ಎತ್ತು. ಬೋರ್ ಇಲ್ಲ, ಮಳೆಯನ್ನೇ ನಂಬಿದ ಬೇಸಾಯ. ಎರಡು ಎಕರೆಯಲ್ಲಿ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ, ಅದರ ಸಾಲಿನ ನಡುವೆ ಉಳ್ಳಾಗಡ್ಡಿ, ಆಮೇಲೆ ಜಯಧರ ಹತ್ತಿ. ಉಳಿದದ್ದರಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಬದುವಿನ ಗುಂಟ ಕುಸುಬಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹಿಡಿಯುವುದು ನಮ್ಮ ಭಾಗದ ಹಳೆಯ ರೂಢಿ. ಉಳ್ಳಾಗಡ್ಡಿ ದೀಪಾವಳಿ ಆಸುಪಾಸಿನಲ್ಲಿ ಕೈಗೆ ಬರುತ್ತದೆ, ಮೆಣಸಿನಕಾಯಿ ಸಂಕ್ರಾಂತಿ ಹೊತ್ತಿಗೆ ಕೆಂಪಾಗುತ್ತದೆ, ಹತ್ತಿ ಯುಗಾದಿಯವರೆಗೂ ಬಿಡಿಸುವುದಿರುತ್ತದೆ. ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

ಹೆಸರು ಬ್ಯಾಡಗಿಯದ್ದಾದರೂ ಈ ಕಾಯಿ ಹೆಚ್ಚು ಬೆಳೆಯುವುದು ನಮ್ಮ ಕುಂದಗೋಳ, ಹುಬ್ಬಳ್ಳಿ, ಗದಗ ಕಡೆಯ ಎರೆಯಲ್ಲಿ. ಬ್ಯಾಡಗಿಯದು ಮಾರುಕಟ್ಟೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಒಣಗಿದಾಗ ಮೈಯೆಲ್ಲ ಸುಕ್ಕು.

ಈ ಬೆಳೆಯ ದೊಡ್ಡ ವೈರಿ ಮುಟುರು ರೋಗ. ಥ್ರಿಪ್ಸ್ ನುಸಿ ಕೂತರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ನುಸಿ ಕೂತರೆ ಕೆಳಕ್ಕೆ. 2017ರಲ್ಲಿ ನಾವು ಹನ್ನೊಂದು ಸಲ ಔಷಧಿ ಹೊಡೆದೆವು. ಮೊದಲ ನಾಲ್ಕು ಸಲ ಎಲೆ ಬಿಚ್ಚಿಕೊಂಡಿತು. ಆಮೇಲೆ ಏನು ಹೊಡೆದರೂ ಅಷ್ಟೇ. ಔಷಧಿ ಅಂಗಡಿಯವರು ಪ್ರತಿ ಸಲ ಹೊಸ ಬಾಟಲಿ ಕೊಟ್ಟರು, ಪ್ರತಿ ಸಲ ಹಿಂದಿನದಕ್ಕಿಂತ ತುಟ್ಟಿ. ಕಾಯಿ ಮಾರಿದ ದುಡ್ಡು ಅಂಗಡಿಯ ಉದ್ರಿ ತೀರಿಸಲು ಸರಿಹೋಯಿತು. ಅದಕ್ಕಿಂತ ನನಗೆ ನೋವಾದದ್ದು ಬೇರೆ. ಆ ವರ್ಷ ಅತ್ತೆ ರಂಜಕ, ಅಂದರೆ ಹಣ್ಣು ಮೆಣಸಿನಕಾಯಿ ರುಬ್ಬಿ ಹುಳಿ ಬರಿಸಿದ ಖಾರ, ಹಾಕಲಿಲ್ಲ. ಹಣ್ಣು ಮೆಣಸಿನಕಾಯಿ ಬುಟ್ಟಿಯನ್ನು ಮುಂದಿಟ್ಟರೆ ಒಂದು ಕಾಯಿ ಎತ್ತಿ ಮೂಸಿ ನೋಡಿ, "ಇದರಾಗ ಔಷಧಿ ವಾಸನಿ ಐತವಾ, ಹುಡುಗರಿಗೆ ಹೆಂಗ ತಿನ್ನಸೂದು?" ಅಂದರು. ನಾವು ತಿನ್ನಲಾರದ್ದನ್ನು ಬೇರೆಯವರಿಗೆ ಮಾರುತ್ತಿದ್ದೇವೆ ಅನ್ನೋದು ಅವತ್ತು ನನ್ನೊಳಗೆ ಚುಚ್ಚಿತು. ಇವತ್ತಿಗೂ ಚುಚ್ಚುತ್ತದೆ.

ಮರುವರ್ಷ ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ಒಬ್ಬ ರೈತರು ಅಂಗೈಯಲ್ಲಿ ಚೂರು ಕೊಂಬಿನ ಗೊಬ್ಬರ ಹಿಡಿದು ತೋರಿಸಿದರು. ಎಕರೆಗೆ 25 ಗ್ರಾಂ ಸಾಕು ಅಂದರು. ಎಕರೆಗೆ ಚೀಲಗಟ್ಟಲೆ ಗೊಬ್ಬರ ಹಾಕುವವರಿಗೆ 25 ಗ್ರಾಂ ಅಂದರೆ ನಂಬಿಕೆ ಬರುವುದು ಕಷ್ಟ. ನನಗೂ ಬರಲಿಲ್ಲ. ಆದರೆ ಆ ವಾಸನೆ ಮನಸ್ಸಿನಲ್ಲಿ ಉಳಿಯಿತು. ಮನೆಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆ, ಕೇಳಿದೆ. ಬಯೋಡೈನಾಮಿಕ್ ಬೇಸಾಯ ಅನ್ನುವ ಈ ಪದ್ಧತಿ ಶುರುವಾಗಿದ್ದು 1924ರ ಜೂನ್‌ನಲ್ಲಿ. ರುಡಾಲ್ಫ್ ಸ್ಟೈನರ್ ಅನ್ನುವವರು ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡ್‌ಗೆ ಸೇರಿರುವ ಕೊಬರ್ವಿಟ್ಸ್ ಎಂಬ ಊರಿನಲ್ಲಿ ರೈತರಿಗೆ ಎಂಟು ಉಪನ್ಯಾಸ ಕೊಟ್ಟರು. ರಾಸಾಯನಿಕ ಗೊಬ್ಬರ ಬಂದ ಮೇಲೆ ಬೀಜ, ದನ, ಮಣ್ಣು ಎಲ್ಲ ಸೊರಗುತ್ತಿವೆ ಅನ್ನುವುದು ಆ ರೈತರ ದೂರು. ಹೊಲ ಅಂದರೆ ಒಂದು ಜೀವ, ಅದರ ದನ, ಗಿಡ, ಮಣ್ಣು, ಮನುಷ್ಯರು ಅದರ ಅಂಗಗಳು ಅನ್ನುವುದು ಸ್ಟೈನರ್ ಮಾತಿನ ತಿರುಳು. ನಮ್ಮ ದೇಶದಲ್ಲಿ ಇದನ್ನು ಹಳ್ಳಿ ಹಳ್ಳಿಗೆ ಹೊತ್ತು ತಿರುಗಿದವರಲ್ಲಿ ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರ್ ಮುಖ್ಯರು. 1993ರಿಂದ ಅವರು ವರ್ಷವರ್ಷವೂ ಇಲ್ಲಿಗೆ ಬಂದು ಕಲಿಸಿದರು.

ಹೊಲವೂ ಒಂದು ಜೀವ ಅನ್ನೋದು ನಮಗೆ ಹೊಸದೇನಲ್ಲ. ಶೀಗಿ ಹುಣ್ಣಿಮೆಗೆ ತುಂಬು ಬಸುರಿಯ ಬಯಕೆ ತೀರಿಸುವ ಹಾಗೆ ಹೊಲಕ್ಕೆ ಚರಗ ಚೆಲ್ಲುವ ಜನ ನಾವು. ಕಡುಬು, ಹೋಳಿಗೆ, ಪುಂಡಿ ಪಲ್ಯ, ಮೊಸರನ್ನ ಎಲ್ಲ ಮೊದಲು ಬೆಳೆಗೆ, ಆಮೇಲೆ ನಮಗೆ.

ಆದರೆ ಕೊಂಬು ಮನೆಗೆ ತರೋದು ಸುಲಭ ಇರಲಿಲ್ಲ. ಬೇಕಾಗಿರುವುದು ಈದ ಆಕಳಿನ ಕೊಂಬು, ಹೋರಿಯದ್ದಲ್ಲ. ಆಕಳ ಕೊಂಬು ಸಣ್ಣ, ಆದರೆ ಗೋಡೆ ದಪ್ಪ. ಬುಡದಲ್ಲಿ ಕರು ಹಾಕಿದ ಗುರುತಿನ ಉಂಗುರ ಇರುತ್ತವೆ. ಅತ್ತೆ ಖಂಡಿತ ಬೇಡ ಅಂದರು. ಸತ್ತ ಆಕಳನ್ನು ಅರಿಷಿಣ ಕುಂಕುಮ ಹಚ್ಚಿ ಮಣ್ಣು ಮಾಡುವ ಮನೆ ನಮ್ಮದು. ನಾನು ವಾದ ಮಾಡಲಿಲ್ಲ. ಹೊಲದ ಗುಡಿಸಲಿನಲ್ಲೇ ಇಟ್ಟುಕೊಳ್ಳುತ್ತೇನೆ, ಹೊಸ್ತಿಲು ದಾಟಿಸುವುದಿಲ್ಲ ಅಂದೆ. ಅದಕ್ಕೆ ಸುಮ್ಮನಾದರು.

2019ರ ಮಹಾನವಮಿ ಹೊತ್ತಿಗೆ ಹನ್ನೆರಡು ಕೊಂಬು ಸಿಕ್ಕವು. ಹಾಲು ಕೊಡುವ ಆಕಳ ಗಟ್ಟಿ ಸಗಣಿಯನ್ನು ಕೈಯಿಂದ ಒತ್ತಿ ಒತ್ತಿ ತುಂಬಿದೆವು. ಸಗಣಿ ಗಟ್ಟಿ ಇರಬೇಕಾದರೆ ಆಕಳಿಗೆ ಒಣ ಮೇವು ಬೇಕು. ನಮ್ಮಲ್ಲಿ ಜೋಳದ ಕಣಿಕೆ ಇರೋದರಿಂದ ಅದಕ್ಕೆ ತೊಂದರೆ ಇಲ್ಲ. ಬರೀ ಹಸಿ ಮೇವು ತಿಂದ ದನದ ತೆಳು ಸಗಣಿ ಇದಕ್ಕೆ ಬರುವುದಿಲ್ಲ. ಒಂದೂವರೆ ಅಡಿ ಗುಂಡಿ ತೋಡಿ ಹೊಲದ ತಗ್ಗಿನ ಮೂಲೆಯಲ್ಲಿ ಹೂತೆವು. ಅಲ್ಲಿ ಮಣ್ಣು ಒಳ್ಳೆಯದು, ತೇವ ಇರುತ್ತದೆ ಅನ್ನೋದು ನಮ್ಮ ಲೆಕ್ಕ. 2019ರ ಮಳೆಯನ್ನು ಈ ಭಾಗದವರು ಮರೆಯುವುದಿಲ್ಲ. ಆಗಸ್ಟ್‌ನಲ್ಲಿ ನೆರೆ, ಅಕ್ಟೋಬರ್‌ನಲ್ಲಿ ಮತ್ತೆ ಜಡಿಮಳೆ. ತಗ್ಗಿನಲ್ಲಿ ಮೂರು ವಾರ ನೀರು ನಿಂತಿತು. ಆ ಒಂಬತ್ತು ಕೊಂಬಿನ ಕತೆ ಅಲ್ಲೇ ಮುಗಿದಿತ್ತು. ನಮಗೆ ಗೊತ್ತಾಗಿದ್ದು ಫೆಬ್ರುವರಿಯಲ್ಲಿ.

ಅದೇ ಫೆಬ್ರುವರಿಯಲ್ಲಿ ಅತ್ತೆ ಮತ್ತೆ ರಂಜಕಕ್ಕೆ ಕೂತರು. ಹಿಂದಿನ ವರ್ಷದಿಂದಲೇ ಅರ್ಧ ಎಕರೆಗೆ ಔಷಧಿ ನಿಲ್ಲಿಸಿದ್ದೆವು. ಆ ಕಾಯಿ ಅದು. ನಾನು ಮೊದಲ ಸಲ ಪಕ್ಕದಲ್ಲೇ ಕೂತು ಗಮನ ಕೊಟ್ಟು ನೋಡಿದೆ. ಹಣ್ಣು ಕಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಂದು ಹಗಲು ಬಾಡಿಸಿದರು. ತೊಟ್ಟು ತೆಗೆದದ್ದು ಒರೆಸಿದ ಮೇಲೆ, ಮೊದಲಲ್ಲ. ಮೊದಲೇ ತೆಗೆದರೆ ನೀರು ಒಳಗೆ ಹೋಗುತ್ತದೆ. ಒರಳಿನಲ್ಲಿ ಬಳ್ಳೊಳ್ಳಿ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿದರು. ಭರಣಿಗೆ ಮುಕ್ಕಾಲು ತುಂಬಿ, ಮರದ ಹುಟ್ಟಿನಿಂದ ಅದುಮಿ ಅದುಮಿ ಗಾಳಿ ಬಿಡಿಸಿದರು. ಮೇಲೆ ಒಂದು ಪದರ ಉಪ್ಪು, ಬಾಯಿಗೆ ಬಿಳಿ ಅರಿವೆ. ಮೂರನೆಯ ದಿನ ಅರಿವೆ ಬಿಚ್ಚಿದಾಗ ಖಾರ ಉಬ್ಬಿ ಮೇಲೆ ಬಂದಿತ್ತು. ಹುಟ್ಟು ಇಟ್ಟರೆ ಒಳಗಿನಿಂದ ಸಣ್ಣ ಗುಳ್ಳೆ ಒಡೆಯುವ ಸಪ್ಪಳ. ಅತ್ತೆ ಬಗ್ಗಿ ಮೂಸಿದರು. "ಹುಳಿ ಬರಾಕತ್ತೈತಿ" ಅಂದರು.

ಕೆಟ್ಟಿದೆಯೋ ಹುಳಿ ಬಂದಿದೆಯೋ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. "ಕೊಳತದ್ದು ಮೂಗಿಗೆ ಹೊಡೀತೈತಿ, ಮುಖ ತಿರುಗಸ್ತಿ. ಹುಳಿ ಬಂದದ್ದು ಬಾಯಾಗ ನೀರ ತರಸ್ತೈತಿ. ಎರಡಕ್ಕೂ ಅದ ಕಾಯಿ, ಅದ ಭರಣಿ. ಉಪ್ಪು, ನೀರು, ಗಾಳಿ ಹೆಚ್ಚು ಕಡಿಮಿ ಆದ್ರ ಕೊಳೀತೈತಿ."

ನನಗೆ ಥಟ್ಟನೆ ಕೊಂಬು ನೆನಪಾಯಿತು. ಅಲ್ಲೂ ಅದೇ ಆಗಿತ್ತಲ್ವಾ? ಅದೇ ಸಗಣಿ, ಅದೇ ಕೊಂಬು. ನೀರು ನಿಂತು ಗಾಳಿ ನಿಂತದ್ದಕ್ಕೆ ಕೊಳೆಯಿತು. ಮೂರು ಕೊಂಬು ಗುಂಡಿಯ ಮೇಲಿನ ಅಂಚಿನಲ್ಲಿದ್ದವು, ಬಾಯಿ ಕೆಳಮುಖವಾಗಿ. ಅದಕ್ಕೇ ಉಳಿದವು.

ಇಲ್ಲಿ ಒಂದು ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಬೇಕು. ಭರಣಿಯೊಳಗೆ ಗಾಳಿ ಇರಬಾರದು. ಉಪ್ಪು ಕೆಟ್ಟ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ. ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮಾತ್ರ ಉಪ್ಪು ತಡೆದುಕೊಂಡು ಬೆಳೆಯುತ್ತವೆ. ಹಾಲು ಮೊಸರಾಗಿಸುವುದೂ ಇದೇ ಬಳಗ. ಅವು ಮಾಡಿದ ಹುಳಿಯೇ ಆಮೇಲೆ ಕಾವಲು ಕಾಯುತ್ತದೆ. ಕೊಂಬಿನ ಗೊಬ್ಬರಕ್ಕೆ ಹಾಗಲ್ಲ. ಅದಕ್ಕೆ ತೇವವೂ ಬೇಕು, ಮಣ್ಣಿನ ಮೂಲಕ ಉಸಿರಾಟವೂ ಬೇಕು. ಒಂದಕ್ಕೆ ಬಾಯಿ ಬಿಗಿ, ಇನ್ನೊಂದಕ್ಕೆ ಬಾಯಿ ಸಡಿಲ. ಆದರೆ ಹದಕ್ಕೆ ಬಂತೋ ಇಲ್ಲವೋ ಅಂತ ಹೇಳುವ ಮೂಗು ಒಂದೇ.

ಎರೆ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ. ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಕೊಂಬಿಗೆ ಎರಡೂ ಒಳ್ಳೆಯದಲ್ಲ. ಎರಡನೆಯ ವರ್ಷ ಹೊಲದ ಎತ್ತರದ ಬದುವಿನಲ್ಲಿ ಗುಂಡಿ ತೋಡಿ, ಒಂದು ಟ್ರ್ಯಾಕ್ಟರ್ ಮಸಾರಿ (ಕೆಂಪು) ಮಣ್ಣು ತರಿಸಿ, ಅದಕ್ಕೆ ನಮ್ಮ ತಿಪ್ಪೆಯ ಹಳೆ ಗೊಬ್ಬರ ಬೆರೆಸಿ ತುಂಬಿದೆವು. ಸುತ್ತ ಒಂದು ಗೇಣು ಬಸಿಗಾಲುವೆ. ಕೊಂಬನ್ನು ಒಂದಕ್ಕೊಂದು ತಾಗದ ಹಾಗೆ, ಬಾಯಿ ಕೆಳಗೆ ಮಾಡಿ ನಿಲ್ಲಿಸಿದೆವು. ಹಿಂಗಾರಿ ಮಳೆ ನಿಂತ ಮೇಲೆ ವಾರಕ್ಕೊಮ್ಮೆ ಕೊಡದಿಂದ ನೀರು ಚಿಮುಕಿಸುತ್ತೇನೆ. ಆ ವರ್ಷ ಇಪ್ಪತ್ತು ಕೊಂಬಿನಲ್ಲಿ ಹದಿನೆಂಟು ಹದಕ್ಕೆ ಬಂದವು. ಒಂದನ್ನು ಹೊಸ್ತಿಲ ಹೊರಗೇ ನಿಂತು ಅತ್ತೆಗೆ ತೋರಿಸಿದೆ. ಅವರು ಹೊರಗೆ ಬಂದು, ಕೈಯಲ್ಲಿ ತಗೊಂಡು ಮೂಸಿದರು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಹಳೆಯ ಉಪ್ಪಿನಕಾಯಿ ಗಡಿಗೆ ತಂದುಕೊಟ್ಟರು, ತುಂಬಿಡಲು. ಈಗ ಗೊಬ್ಬರ ಆ ಗಡಿಗೆಯಲ್ಲೇ ಇರುತ್ತದೆ, ತಂಪು ನೆರಳಲ್ಲಿ, ಸುತ್ತ ತೆಂಗಿನ ನಾರು ಒತ್ತಿ. ಒಣಗಲು ಬಿಡಬಾರದು.

ಸಿಂಪಡಿಸುವುದು ಸಂಜೆ. ಎಕರೆಗೆ 25 ಗ್ರಾಂ ಗೊಬ್ಬರ, 13 ಲೀಟರ್ ನೀರು. ಮಳೆ ನೀರು ಸಿಕ್ಕರೆ ಬಹಳ ಒಳ್ಳೆಯದು. ಒಂದು ತಾಸು ತಿರುವಬೇಕು. ಒಂದು ದಿಕ್ಕಿಗೆ ಜೋರಾಗಿ ತಿರುವಿದರೆ ನಡುವೆ ಆಳವಾದ ಸುಳಿ ಬೀಳುತ್ತದೆ. ತಳ ಕಾಣುವಷ್ಟು ಸುಳಿ ಬಿದ್ದಾಗ ತಟ್ಟನೆ ದಿಕ್ಕು ಬದಲಿಸಬೇಕು. ನೀರು ಗೊಂದಲಕ್ಕೆ ಬಿದ್ದು ನೊರೆ ಏಳುತ್ತದೆ, ಮತ್ತೆ ಸುಳಿ. ಮೊದಲ ಹತ್ತು ನಿಮಿಷ ನೀರು ಭಾರ ಅನಿಸುತ್ತದೆ. ಅರ್ಧ ತಾಸಾದ ಮೇಲೆ ಕೋಲು ಹಗುರಾಗುತ್ತದೆ, ನೀರು ಎಣ್ಣೆಯ ಹಾಗೆ ಜಾರುತ್ತದೆ. ಇದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ. ತೋಳು ಸೋತರೆ ಮಗಳು ಕೈ ಹಚ್ಚುತ್ತಾಳೆ. ಆಮೇಲೆ ಕಸಬರಿಗೆ ಅದ್ದಿ ದಪ್ಪ ಹನಿಯಾಗಿ ನೆಲಕ್ಕೆ ಚಿಮುಕಿಸುತ್ತಾ ನಡೆಯುವುದು. ಔಷಧಿ ಪಂಪು ಇದಕ್ಕೆ ಬೇಡ. ಅಗಿ (ಸಸಿ) ನಾಟಿಗೆ ಮೊದಲು ಒಂದು ಸಲ, ಉಳ್ಳಾಗಡ್ಡಿ ಕಿತ್ತ ಮೇಲೆ ಇನ್ನೊಂದು ಸಲ ಮಾಡುತ್ತೇನೆ. ತಿರುವಿದ ನೀರನ್ನು ಮರುದಿನಕ್ಕೆ ಇಡುವ ಹಾಗಿಲ್ಲ, ಎರಡು ಮೂರು ತಾಸಿನಲ್ಲಿ ಮುಗಿಸಬೇಕು.

ದಿನ ನೋಡುವ ವಿಷಯ ಹೇಳಲೇಬೇಕು, ಯಾಕಂದರೆ ಬಹಳ ಜನ ಇಲ್ಲೇ ತಪ್ಪುತ್ತಾರೆ. ಕೊಂಬು ಹೂಳಲು, ಕೊಂಬಿನ ಗೊಬ್ಬರ ಸಿಂಪಡಿಸಲು ಇಳಿಚಂದ್ರ ಬೇಕು ಅನ್ನುತ್ತಾರೆ. ಇದು ಕೃಷ್ಣಪಕ್ಷ ಅಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಏರುಚಂದ್ರ ಇಳಿಚಂದ್ರದ ಸುತ್ತು 27.3 ದಿನ. ಆಕಾಶದಲ್ಲಿ ಚಂದ್ರ ಸಾಗುವ ದಾರಿ ದಿನದಿಂದ ದಿನಕ್ಕೆ ಉತ್ತರಕ್ಕೆ ಸರಿಯುತ್ತಿದ್ದರೆ ಏರು, ದಕ್ಷಿಣಕ್ಕೆ ಸರಿಯುತ್ತಿದ್ದರೆ ಇಳಿ. ಸೂರ್ಯ ಆರು ತಿಂಗಳಲ್ಲಿ ಮಾಡುವ ಉತ್ತರಾಯಣವನ್ನು ಚಂದ್ರ ಎರಡು ವಾರದಲ್ಲಿ ಮಾಡುತ್ತಾನೆ, ಅಷ್ಟೇ. ಇದಕ್ಕೆ ಹೊರದೇಶದ ಕ್ಯಾಲೆಂಡರ್ ಬೇಕಿಲ್ಲ. ಗೋಡೆಯ ಪಂಚಾಂಗದಲ್ಲಿ ದಿನದ ನಕ್ಷತ್ರ ನೋಡಿದರೆ ಸಾಕು. ಸೂರ್ಯ ಆರಿದ್ರಾ ಹೊಗುವುದು ಜೂನ್ 21, 22ರ ಸುಮಾರಿಗೆ, ಅಂದರೆ ವರ್ಷದ ಅತಿ ಉದ್ದದ ಹಗಲಿನ ಹೊತ್ತಿಗೆ. ಆಗ ಸೂರ್ಯ ಉತ್ತರದ ತುದಿಯಲ್ಲಿರುತ್ತಾನೆ. ಡಿಸೆಂಬರ್‌ನಲ್ಲಿ ಮೂಲಾದಲ್ಲಿದ್ದಾಗ ದಕ್ಷಿಣದ ತುದಿ. ಚಂದ್ರನ ದಾರಿಯೂ ಹೆಚ್ಚು ಕಡಿಮೆ ಅದೇ. ಹಾಗಾಗಿ ಚಂದ್ರ ಆರಿದ್ರಾ ದಾಟಿದ ಮೇಲೆ ಪುನರ್ವಸು, ಪುಷ್ಯದಿಂದ ಜ್ಯೇಷ್ಠಾವರೆಗೆ ಇಳಿ. ಮೂಲಾ ದಾಟಿದ ಮೇಲೆ ಮೃಗಶಿರಾವರೆಗೆ ಏರು. ಮಳೆಗೆ ಆರಿದ್ರಾ, ಮಘಾ, ಹಸ್ತ, ಚಿತ್ತಾ ಅಂತ ಹೆಸರಿಟ್ಟು ಬಿತ್ತುವ ನಮಗೆ ಇದು ಅಪರಿಚಿತ ಲೆಕ್ಕ ಅಲ್ಲ.

ಚಂದ್ರನಿಂದಲೇ ಬೆಳೆ ಬಂತು ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಹೊಲದಲ್ಲಿ ಆಗಿದ್ದು ಏನಂದರೆ, ದಿನ ನೋಡಲು ಶುರು ಮಾಡಿದ ಮೇಲೆ ಕೆಲಸ ಮುಂದೆ ಹಾಕುವುದು ನಿಂತಿತು. ಸಂಜೆ ಹೊತ್ತು ಹೊಲದಲ್ಲಿ ನಡೆದಾಡಿದ್ದು ಹೆಚ್ಚಾಯಿತು. ಎಲೆ ಮುದುಡುವ ಮೊದಲೇ ಎಲೆಯ ಅಡಿಯಲ್ಲಿ ನುಸಿ ಕಾಣತೊಡಗಿತು. ಮೊದಲೆಲ್ಲ ನಾವು ನೋಡುತ್ತಿದ್ದದ್ದು ಮುದುಡಿದ ಮೇಲೆ.

ಸಗಣಿ ಗುಂಡಿ ಗೊಬ್ಬರ, ಸಿಪಿಪಿ (ಕೌ ಪ್ಯಾಟ್ ಪಿಟ್) ಅನ್ನುತ್ತಾರಲ್ಲ, ನನ್ನ ಮಟ್ಟಿಗೆ ಕೊಂಬಿನ ಗೊಬ್ಬರಕ್ಕಿಂತ ಅದೇ ಹೆಚ್ಚು ಕೆಲಸಕ್ಕೆ ಬಂದಿದೆ. ಹೊಸದಾಗಿ ಶುರು ಮಾಡುವವರು ಇದರಿಂದಲೇ ಶುರು ಮಾಡಲಿ ಅನ್ನುತ್ತೇನೆ. 3 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಆಳದ ಗುಂಡಿ. ಪಕ್ಕಕ್ಕೆ ಇಟ್ಟಿಗೆ, ತಳ ಬರೀ ಮಣ್ಣು. 60 ಕಿಲೋ ಸಗಣಿ, 200 ಗ್ರಾಂ ಮೊಟ್ಟೆ ಸಿಪ್ಪೆ ಪುಡಿ, 300 ಗ್ರಾಂ ಕಪ್ಪುಕಲ್ಲಿನ ಪುಡಿ. ಇವನ್ನು ಹಿಟ್ಟು ನಾದುವ ಹಾಗೆ ಒಂದು ತಾಸು ಕಲಸಿ, ಗುಂಡಿಗೆ ಸಡಿಲವಾಗಿ ತುಂಬಬೇಕು. ಆಮೇಲೆ ಅದರಲ್ಲಿ 502ರಿಂದ 507ರವರೆಗಿನ ಮೂಲಿಕೆ ತಯಾರಿಗಳನ್ನು ಇಡುತ್ತಾರೆ (ಈ ಪದ್ಧತಿಯಲ್ಲಿ ಪ್ರತಿ ತಯಾರಿಗೂ ಒಂದು ನಂಬರ್, ಕೊಂಬಿನ ಗೊಬ್ಬರದ್ದು 500). ಯ್ಯಾರೋ (yarrow) ಅನ್ನುವ ಗಿಡ, ಕ್ಯಾಮೊಮೈಲ್, ನೆಟಲ್, ಓಕ್ ತೊಗಟೆ, ಡ್ಯಾಂಡೆಲಿಯನ್, ವೆಲೇರಿಯನ್. ಇವು ತಂಪು ಸೀಮೆಯ ಗಿಡಗಳು, ನಮ್ಮ ಬಿಸಿಲಿಗೆ ಆಗುವುದಿಲ್ಲ. ಕೊಡೈಕನಾಲ್ ಕಡೆಯಿಂದ ಅಂಚೆಯಲ್ಲಿ ತರಿಸುತ್ತೇನೆ. ಕಲ್ಲಿನ ಪುಡಿಯನ್ನು ಬೆಳಗಾವಿ ಕಡೆಯ ಕ್ರಷರ್‌ನಿಂದ ತಂದೆವು. ಮೊಟ್ಟೆ ಸಿಪ್ಪೆ ನಮ್ಮ ಮನೆಯಲ್ಲಿ ಸಿಗುವ ಮಾತಲ್ಲ. ಹುಬ್ಬಳ್ಳಿಯ ಎಗ್ ರೈಸ್ ಗಾಡಿಯವರೊಬ್ಬರು ಚೀಲ ಕಟ್ಟಿ ಇಟ್ಟಿರುತ್ತಾರೆ. ಹೊಲದಲ್ಲೇ ಬೇರೆ ಕಲ್ಲಿನಲ್ಲಿ ಕುಟ್ಟುತ್ತೇನೆ.

ಗುಂಡಿಗೆ ಒದ್ದೆ ಗೋಣಿತಟ್ಟು ಹೊದಿಸಿ, ತಿಂಗಳಿಗೊಮ್ಮೆ ತಿರುವಿದರೆ ಮೂರು ತಿಂಗಳಲ್ಲಿ ತಯಾರು. ಎಕರೆಗೆ 1 ಕಿಲೋ ಸಾಕು, 40 ಲೀಟರ್ ನೀರಲ್ಲಿ ಕಲಸಿ ಚಿಮುಕಿಸುವುದು. ಅಗಿಯ ಬೇರನ್ನು ಇದರ ಗಂಜಿಯಲ್ಲಿ ಅದ್ದಿ ನಾಟಿ ಮಾಡುತ್ತೇನೆ. ಅಗಿ ಸಾಯುವುದು ಬಹಳ ಕಡಿಮೆ ಆಗಿದೆ. 501, ಅಂದರೆ ಬೆಣಚುಕಲ್ಲಿನ ಪುಡಿಯನ್ನು ಕೊಂಬಿನಲ್ಲಿ ತುಂಬಿ ಬೇಸಿಗೆಯಲ್ಲಿ ಹೂತು ಮಾಡುವುದನ್ನು ಹೂ ಬಿಡುವ ಮೊದಲು ಒಂದೇ ಸಲ, ಸೂರ್ಯ ಹುಟ್ಟುವ ಹೊತ್ತಿಗೆ ಬಳಸುತ್ತೇನೆ. ನಮ್ಮಲ್ಲಿ ಮೊದಲೇ ಬಿಸಿಲು ಜಾಸ್ತಿ, ಹೆಚ್ಚು ಬಳಸುವ ಅಗತ್ಯ ನನಗೆ ಕಂಡಿಲ್ಲ.

ಇಳುವರಿ? ಔಷಧಿ ಬಿಟ್ಟ ಮೊದಲ ಎರಡು ವರ್ಷ ಎಕರೆಗೆ ಒಂದು ಕ್ವಿಂಟಲ್ ಒಣ ಕಾಯಿ ಬರುವುದೂ ಕಷ್ಟವಾಯಿತು. ಮೂರನೆಯ ವರ್ಷ ಒಂದೂವರೆ. ಈಗ ಒಳ್ಳೆಯ ಮಳೆಯ ವರ್ಷ ಎರಡರ ಹತ್ತಿರ ಬರುತ್ತದೆ. ಔಷಧಿ ಹೊಡೆಯುವ ಪಕ್ಕದ ಹೊಲದವರಿಗೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ, ಇದನ್ನು ಮುಚ್ಚಿಡಬಾರದು. ಸ್ವಿಟ್ಜರ್ಲೆಂಡ್‌ನ ಥೆರ್ವಿಲ್ ಎಂಬಲ್ಲಿ 1978ರಿಂದ ಬಯೋಡೈನಾಮಿಕ್, ಸಾವಯವ, ರಾಸಾಯನಿಕ ಬೇಸಾಯವನ್ನು ಅಕ್ಕಪಕ್ಕದ ತಾಕುಗಳಲ್ಲಿ ಹೋಲಿಸುತ್ತಿದ್ದಾರೆ. 21 ವರ್ಷದ ಲೆಕ್ಕ 2002ರಲ್ಲಿ ಬಂತು. ಬಯೋಡೈನಾಮಿಕ್ ಮತ್ತು ಸಾವಯವದಲ್ಲಿ ಇಳುವರಿ ಸುಮಾರು 20% ಕಡಿಮೆ. ಆದರೆ ಹೊರಗಿನಿಂದ ಹಾಕುವ ಗೊಬ್ಬರ ಮತ್ತು ಇಂಧನ 34ರಿಂದ 53% ಕಡಿಮೆ, ಕೀಟನಾಶಕ 97% ಕಡಿಮೆ. ಮಣ್ಣಿನಲ್ಲಿ ಜೀವ ಹೆಚ್ಚು. ನನ್ನ ಹೊಲದ ಲೆಕ್ಕವೂ ಇದೇ ದಾರಿಯಲ್ಲಿದೆ. ಕಾಯಿ ಕಡಿಮೆ, ಅಂಗಡಿಯ ಉದ್ರಿ ಇಲ್ಲವೇ ಇಲ್ಲ. ಮುಟುರು ಪೂರ್ತಿ ಹೋಗಿಲ್ಲ. ಹೊಲದ ಸುತ್ತ ಮೂರು ಸಾಲು ಜೋಳ ಹಾಕಿದ್ದು, ನುಸಿ ಕಂಡ ಕೂಡಲೇ ಬೇವಿನ ಬೀಜದ ಕಷಾಯ ಹೊಡೆದದ್ದು ಬಹಳ ಸಹಾಯ ಮಾಡಿತು. ಅದರ ಹೆಸರನ್ನೂ ಕೊಂಬಿನ ಗೊಬ್ಬರಕ್ಕೇ ಕೊಡುವುದು ಸರಿಯಲ್ಲ.

ಮಣ್ಣು ಮಾತ್ರ ಬದಲಾಗಿದೆ. ಎಡೆ ಹೊಡೆಯುವಾಗ ನನ್ನ ಗಂಡ ಹೇಳುತ್ತಾರೆ, ಕುಂಟೆ ಮೊದಲಿನ ಹಾಗೆ ಎಳೆಯುವುದಿಲ್ಲ, ಎತ್ತುಗಳು ಏದುಸಿರು ಬಿಡದೆ ನಡೆಯುತ್ತವೆ ಅಂತ. ಹಸ್ತ ಮಳೆಯ ಮರುದಿನ ಹೆಜ್ಜೆ ಇಟ್ಟರೆ ಎರೆಹುಳುವಿನ ಹಿಕ್ಕೆ ಅಂಗಾಲಿಗೆ ತಾಗುತ್ತದೆ.

ರಂಜಕವನ್ನು ಮಾರಲು ಶುರು ಮಾಡಿದ್ದು 2021ರಲ್ಲಿ. ಮೊದಲ ಸಲ ಹೆಚ್ಚಿಗೆ ಹಾಕಿದ್ದು ಹಾಳಾಯಿತು. ತರಕಾರಿ ಹುಳಿ ಬರಿಸಲು ತೂಕದ 2ರಿಂದ 3% ಉಪ್ಪು ಸಾಕು ಅಂತ ಓದಿದ್ದೆ. ಎಲೆಕೋಸಿಗೆ ಅದು ಸರಿ. ಅದು ತನ್ನ ನೀರಲ್ಲೇ ಮುಳುಗಿರುತ್ತದೆ. ರುಬ್ಬಿದ ಮೆಣಸಿನಕಾಯಿಯಲ್ಲಿ ಸಿಪ್ಪೆ, ಬೀಜ ಮೇಲೆ ತೇಲಿ ಬರುತ್ತವೆ, ಗಾಳಿಗೆ ಸಿಗುತ್ತವೆ. 3% ಉಪ್ಪಿನಲ್ಲಿ ಹದಿನಾಲ್ಕು ಕಿಲೋ ಹಾಕಿದ್ದೆ. ಎಂಟನೆಯ ದಿನ ಮೇಲೆ ಕಪ್ಪು, ಹಸಿರು ಬೂಸ್ಟು. ಅಷ್ಟನ್ನೂ ತಿಪ್ಪೆಗೆ ಸುರಿದೆ. ಅವತ್ತೇ ಅತ್ತೆಯ ಕೈ ಅಳತೆಯನ್ನು ತಕ್ಕಡಿಗೆ ಹಾಕಿ ನೋಡಿದೆ. ಅವರ ಹಿಡಿ ಉಪ್ಪು ಯಾವಾಗಲೂ 9ರಿಂದ 12% ಬರುತ್ತಿತ್ತು.

ಈಗ ನಾನು 8% ಹಾಕುತ್ತೇನೆ. 10 ಕಿಲೋ ಹಣ್ಣು ಕಾಯಿ, 1 ಕಿಲೋ ಬಳ್ಳೊಳ್ಳಿ, ಒಟ್ಟು 11 ಕಿಲೋಗೆ 880 ಗ್ರಾಂ ಉಪ್ಪು, ಮೇಲಿನ ಪದರದ ಉಪ್ಪು ಬೇರೆ. ಮೊದಲ ವಾರ ದಿನಾ ಒಣ ಹುಟ್ಟಿನಿಂದ ಅದುಮಬೇಕು. ಬಿಳಿ ಕೆನೆಯಂಥ ತೆಳು ಪದರ ಬಂದರೆ ಹೆದರಬೇಡಿ, ಅದು ಯೀಸ್ಟ್, ತೆಗೆದು ಹಾಕಿದರೆ ಆಯಿತು. ಕೂದಲಿನಂಥ, ಬಣ್ಣದ ಬೂಸ್ಟು ಬಂದರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸುವ ಆಸೆ ಬೇಡ, ಪೂರ್ತಿ ಚೆಲ್ಲಿ. ಮೂರು ವಾರಕ್ಕೆ ಪಿಎಚ್, ಅಂದರೆ ಹುಳಿಯ ಅಳತೆ, ನೋಡುತ್ತೇನೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಣ್ಣದ ಪಟ್ಟಿ ಕೆಂಪು ಖಾರದಲ್ಲಿ ಓದಲು ಬರುವುದಿಲ್ಲ, ಅದಕ್ಕೆ ಸಣ್ಣ ಮೀಟರ್ ತಗೊಂಡೆ. 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆಯ ರೋಗಾಣು ಬೆಳೆಯುವುದಿಲ್ಲ. ನಾನು 4ಕ್ಕೆ ಇಳಿಯುವವರೆಗೂ ಬಾಟಲಿಗೆ ತುಂಬುವುದಿಲ್ಲ. ತುಂಬುವ ದಿನ ಹುರಿದ ಮೆಂತ್ಯದ ಪುಡಿ, ಇಂಗು, ಚೂರು ಬೆಲ್ಲ, ಲಿಂಬೆರಸ. ಹಿಂದೆ ಲಿಂಬೆಯನ್ನು ಮೊದಲೇ ಹಿಂಡುತ್ತಿದ್ದರು. ಕೊನೆಗೆ ಹಾಕಿದರೆ ಹುಳಿ ತಾನಾಗಿ ಬರಲು ಜಾಗ ಸಿಗುತ್ತದೆ, ರುಚಿ ಬೇರೆಯೇ ಆಗುತ್ತದೆ. ಅತ್ತೆ ಒಪ್ಪಿದ ಒಂದೇ ಬದಲಾವಣೆ ಇದು.

ಬಿಸಿ ರೊಟ್ಟಿ, ರಂಜಕ, ಮೇಲೆ ಒಂದು ಗುಂಡಿ ಕುಸುಬಿ ಎಣ್ಣೆ. ಬೇಸಿಗೆಯಲ್ಲಿ ಜೊತೆಗೆ ಹುಳಿ ಅಂಬಲಿ. ನಮ್ಮ ಜೋಳದ ಹಿಟ್ಟು ಒಂದು ವಾಟಿ, ಮೂರು ವಾಟಿ ನೀರು, ನಿನ್ನೆಯ ಹುಳಿನೀರು ಒಂದು ಸೌಟು. ಏಪ್ರಿಲ್‌ನಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ತಯಾರು, ಡಿಸೆಂಬರ್‌ನಲ್ಲಿ ಒಲೆಯ ಮಗ್ಗುಲಿಗೆ ಇಡಬೇಕು. ಬೆಳಗ್ಗೆ ಕುದಿಸಿ, ಆರಿಸಿ, ಮಜ್ಜಿಗೆ, ಹಸಿ ಉಳ್ಳಾಗಡ್ಡಿ ಹಾಕಿ ಕುಡಿಯುವುದು. ಅಂಗಡಿಯ ಹಿಟ್ಟಿನಲ್ಲಿ ಮಾಡಿ ನೋಡಿದ್ದೇನೆ. ಹುಳಿ ಬರುತ್ತದೆ, ಆದರೆ ತಡ. ಹೊಸದಾಗಿ ಬೀಸಿದ ಹಿಟ್ಟೇ ಬೇಕು.

ಹುಬ್ಬಳ್ಳಿಯಲ್ಲಿ ಮೂವತ್ತು ಮನೆಗಳಿಗೆ ಈಗ ಕೊಡುತ್ತಿದ್ದೇವೆ. ಒಣ ಕಾಯಿಯಾಗಿ ಮಾರಿದರೆ ಬರುವುದಕ್ಕಿಂತ ರಂಜಕವಾಗಿ ಮಾರಿದರೆ ಕಿಲೋಗೆ ಕೈಗೆ ಹೆಚ್ಚು ಉಳಿಯುತ್ತದೆ, ಕೈಕೆಲಸವೂ ಅಷ್ಟೇ ಹೆಚ್ಚು. ಹೆಚ್ಚು ಮನೆ ಹಿಡಿಯಿರಿ ಅಂತ ಕೇಳುವವರಿದ್ದಾರೆ. ಎರಡು ಎಕರೆಯ ಕಾಯಿ, ಆರು ಭರಣಿ, ಒಂದು ಒರಳು. ಇದಕ್ಕಿಂತ ಹೆಚ್ಚು ನನ್ನ ಮೂಗಿಗೆ ಸಿಗುವುದಿಲ್ಲ.

ಈ ಮಹಾನವಮಿಗೆ ನಲವತ್ತು ಕೊಂಬು ತುಂಬುವುದಿದೆ. ಪಕ್ಕದ ಹೊಲದ ಇಬ್ಬರು ತಮ್ಮ ಸಗಣಿ ತಂದು ನಮ್ಮ ಗುಂಡಿಯಲ್ಲೇ ಹೂಳುತ್ತೇವೆ ಅಂದಿದ್ದಾರೆ. ಗುಂಡಿ ದೊಡ್ಡದು ಮಾಡಬೇಕು, ಮಸಾರಿ ಮಣ್ಣು ಇನ್ನೊಂದು ಟ್ರ್ಯಾಕ್ಟರ್ ಬೇಕು. ಅಡುಗೆಮನೆಯಲ್ಲಿ ಎರಡು ಭರಣಿ ಉಳಿದಿವೆ. ಒಂದರ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದಿದ್ದೇನೆ, ಬಾಟಲಿಗೆ ತುಂಬಲು. ಇನ್ನೊಂದನ್ನು ಮುಟ್ಟಬೇಡ ಅಂದಿದ್ದಾರೆ ಅತ್ತೆ. ಅದು ಶೀಗಿ ಹುಣ್ಣಿಮೆಯ ಚರಗಕ್ಕೆ.